ನನ್ನದೇ ಓಟದ ಸುದ್ದಿ

ಶನಿವಾರ, ನವೆಂಬರ್ 1, 1952. ರಾತ್ರಿ.

ನಾವು ಗೆದ್ದೆವಂತೆ; ಗೆಲ್ಲಿಸಿದ ಮಹಾನುಭಾವ ನಾನೇ ಅಂತೆ. ತಲೆಗೆ ಪೆಟ್ಟು ಬಿದ್ದ ಮೇಲಿನದೆಲ್ಲ ಕೋಣೆಯ ಗೆಳೆಯ ವೆಂಡೆಲ್ ಹೇಳಿದ್ದು. ಎದ್ದವನು ಗಂಭೀರವಾಗಿ ಎದುರಾಳಿಗಳ ಗುಂಪಿನಲ್ಲಿ ಹೋಗಿ ನಿಂತೆನಂತೆ. "ನಿಮ್ಮನೆ ಆ ಕಡೆ ಕಣಣ್ಣ," ಅಂದರಂತೆ. ಆಮೇಲೆ ಕೋಚ್ ಪರೀಕ್ಷೆ: "ಇವತ್ತು ಯಾವ ವಾರವೋ?" ಚೆಂಡು ಕೈಲಿ ಹಿಡಿದು ಓಡುವ ನಮ್ಮ ಅಮೆರಿಕದ ಕಾಲೇಜು ಫುಟ್‌ಬಾಲ್ ಇರುವುದೇ ಶನಿವಾರ. ಪಾಸಾದೆನಂತೆ; ಮತ್ತೆ ಆಟಕ್ಕಿಳಿದು ಗೆಲುವಿನ ಓಟ ಓಡಿದ್ದು ಆಮೇಲಂತೆ.

ಸಂಜೆ ಊರಿನಿಂದ ಅಪ್ಪ ಫೋನ್ ಮಾಡಿದ. "ರೇಡಿಯೋ ಮುಂದೆ ಕೂತು ಅತ್ತುಬಿಟ್ಟೆ ಕಣೋ ಹ್ಯಾರ್ಲನ್. ಚೆಂಡು ತಬ್ಕೊಂಡು ಗೆರೆ ದಾಟ್ದಾಗ ಹೆಂಗನಿಸ್ತು?"

ಏನೂ ನೆನಪಿಲ್ಲವೆಂಬ ನಿಜ ಹೇಳಿದರೆ ನಾಳೆಯೇ ಬಂದು ಆಟ ಬಿಡಿಸುತ್ತಾನೆ. ಸಂತೋಷಕ್ಕಾಗಿ ಒಳಗೆಲ್ಲ ತಡಕಾಡಿದೆ. ಏನೂ ಸಿಗಲಿಲ್ಲ, ಭಯ ಕೂಡ.

"ರೇಡಿಯೋದಲ್ಲಿ ಹೆಂಗೆ ಕೇಳಿಸ್ತು, ನೀನೇ ಹೇಳಪ್ಪ," ಎಂದೆ.

ಅವನು ಮೊದಲಿನಿಂದ ಹೇಳತೊಡಗಿದ. ಯಾರದೋ ಮನೆಯ ಮದುವೆಯ ಸುದ್ದಿ ಕೇಳುವವನಂತೆ ನಾನು ಹೂಂಗುಟ್ಟುತ್ತಾ ಕೊನೆಯವರೆಗೂ ಕೇಳಿಸಿಕೊಂಡೆ.