ಕುಂಬಳಕಾಯಿಗೆ ಜಾರಿದ ಉಗಿಬಂಡಿ

ಹಳೆಯ ರೈಲು ಶೆಡ್ಡಿನ ಮಾನ್ಯ ನಿರ್ದೇಶಕರೇ,

ವಯಸ್ಸು ಇಪ್ಪತ್ತೈದು ದಾಟದವರು ಇನ್ನು ಶೆಡ್ಡಿನೊಳಗೆ ಬಂದು ಉಗಿ ಎಂಜಿನ್ ಮುಟ್ಟಕೂಡದೆಂದು ಬಾಗಿಲಿಗೆ ಫಲಕ ಹಾಕಿಸಿದ್ದೀರಿ. ಅಂದರೆ ನೂರು ದಾಟಿದ ಎಂಜಿನ್ನನ್ನು ಎಪ್ಪತ್ತು ದಾಟಿದ ನಾವೇ ಉಳಿಸಬೇಕು. ನಮ್ಮನ್ನು ಉಳಿಸುವವರು ಯಾರು ಸ್ವಾಮಿ?

ಆಯುಧಪೂಜೆಯ ದಿನ ನಡೆದದ್ದನ್ನು ಈ ಪತ್ರಿಕೆಯ ಓದುಗರಿಗೂ ಹೇಳಿಬಿಡುತ್ತೇನೆ. ನನ್ನ ಮೊಮ್ಮಗಳು ಐಶ್ವರ್ಯಾ ಮತ್ತು ನಮ್ಮ ಈ ಫ್ರೀಮಾಂಟ್ ಊರಿನ ಅವಳ ಗೆಳೆಯರು ಶನಿವಾರ ಬಂತೆಂದರೆ ಈ ಎಂಜಿನ್ನಿನ ಮಸಿ ಕೆರೆಯುವವರು. ಅಂದು ಅದಕ್ಕೆ ಚೆಂಡುಹೂವಿನ ಹಾರ ಹಾಕಿ, ವಿಭೂತಿ ಬಳಿದು, ಚಕ್ರಗಳಡಿ ನಿಂಬೆಹಣ್ಣು ಇಟ್ಟರು. ಬೂದುಗುಂಬಳ ಪಕ್ಕದೂರು ಮಿಲ್ಪಿಟಾಸಿನ ಭಾರತೀಯ ಅಂಗಡಿಯಲ್ಲೂ ಮುಗಿದಿತ್ತು. ಇಲ್ಲಿಯವರ ಹಾಲೋವೀನ್ ಹಬ್ಬದ ಕುಂಬಳಕಾಯಿಯನ್ನೇ ತಂದು ಹಳಿಯ ಮೇಲೆ ಒಡೆಯಲಾಯಿತು. ತಾವು ಬಿಳಿ ಕೋಟಿನಲ್ಲಿ ಎಂಜಿನ್ ಏರಿದಿರಿ. ಸೀಟಿ ಕೂಗಿತು, ಚಕ್ರ ತಿರುಗಿತು, ಬಂಡಿ ಮಾತ್ರ ನಿಂತಲ್ಲೇ! ಕುಂಬಳದ ತಿರುಳಿನ ಮೇಲೆ ಚಕ್ರ ಗರಗರ ತಿರುಗಿದಷ್ಟೂ ಹೊಗೆಯ ಮಸಿಗೆ ತಮ್ಮ ಕೋಟು ಕಪ್ಪಾಯಿತು.

"ಅಜ್ಜಾ, ಇಟ್ಸ್ ಸ್ಲಿಪಿಂಗ್! ಮರಳು ಹಾಕ್ಬೇಕು!" ಎಂದಳು ಐಶ್ವರ್ಯಾ.

"ಎಂಜಿನ್ನಿನ ಮರಳಿನ ಡಬ್ಬಿ ಖಾಲಿ ಐತಲ್ಲವ್ವಾ!" ಎಂದೆ.

"ಪ್ಲೇಗ್ರೌಂಡಲ್ಲಿದೆ! ಗೌತಮ್, ಲಂಚ್ ಬಾಕ್ಸು ತಗೊಂಡು ರನ್!" ಎಂದು ಗೆಳೆಯನಿಗೆ ಕೂಗಿದಳು.

ಪಕ್ಕದ ಆಟದಂಗಳದಿಂದ ಊಟದ ಡಬ್ಬಿಗಳಲ್ಲಿ ಮರಳು ಬಂತು. ಹಿಂದೆಯೇ ಪುಟ್ಟ ಹುಡುಗಿಯೊಬ್ಬಳು, "ದಟ್ಸ್ ಮೈ ಕ್ಯಾಸಲ್!" ಎಂದು ಅಳುತ್ತ ಬಂದಳು. ಅವಳ ಮರಳಿನ ಕೋಟೆ ಹಳಿಗೆ ಬಿತ್ತು, ಬಂಡಿ ಹೊರಟಿತು, ಅಳುತ್ತಿದ್ದವಳೇ ಕುಣಿದು ಕೈ ಬೀಸಿದಳು. ನಗದವರು ತಾವೊಬ್ಬರೇ.

ಕುಂಬಳಕಾಯಿ ಒಡೆದವರು ಯಾರೆಂದು ತಾವು ವಿಚಾರಿಸದೆ, ಹುಡುಗರೇ ಎಂದುಕೊಂಡು ಫಲಕ ಹಾಕಿಸಿದಿರಿ. ಒಡೆದವನು ನಾನು. ವಯಸ್ಸು ಎಪ್ಪತ್ತೆಂಟು. ಹುಬ್ಬಳ್ಳಿ ಶೆಡ್ಡಿನಲ್ಲಿ ನಮ್ಮಪ್ಪ ಹಳಿಯ ಪಕ್ಕಕ್ಕೆ ಒಡೆಯುತ್ತಿದ್ದರು. ನಾನು ಭಕ್ತಿ ಹೆಚ್ಚಾಗಿ ಹಳಿಗೇ ಹೊಡೆದೆ. ಬಂಡಿಯನ್ನು ಜಾರಿಸಿದವನಿಗೆ ಪ್ರವೇಶವುಂಟು, ಓಡಿಸಿದವರಿಗಿಲ್ಲ. ಎಂಥ ಸೊಗಸಾದ ನ್ಯಾಯ!

ಉಗಿಬಂಡಿಗಳನ್ನು 'ಸಂರಕ್ಷಿಸುವ' ಬಗೆಯನ್ನು ನಾನು ಬಹಳ ಕಂಡಿದ್ದೇನೆ. ಬಣ್ಣ ಬಳಿದು, ಬೇಲಿ ಕಟ್ಟಿ, ಎದುರು ನಿಂತು ಫೋಟೋ ತೆಗೆಸಿಕೊಳ್ಳುವುದು. ಆಮೇಲೆ ಚಿಮಣಿಯಲ್ಲಿ ಪಾರಿವಾಳಗಳು ಸಂಸಾರ ಹೂಡುತ್ತವೆ. ಮುಂದಿನ ತಿಂಗಳು ಬಾಯ್ಲರ್ ತಪಾಸಣೆ. ಅಷ್ಟರೊಳಗೆ ಬೆಂಕಿಗೂಡಿನ ಒಳಗೆ ತೂರಿ ಸ್ವಚ್ಛ ಮಾಡದಿದ್ದರೆ ಎಂಜಿನ್ ಮತ್ತೆ ಉಗಿ ಕಾಣದು. ಅದರ ಬಾಗಿಲೋ ನನ್ನ ಹೊಟ್ಟೆಗಿಂತ ಚಿಕ್ಕದು. ತಮ್ಮ ಹೊಟ್ಟೆಯ ವಿಷಯ ನಾನು ಆಡುವುದಿಲ್ಲ.

ಆದ್ದರಿಂದ ಫಲಕ ಇಳಿಸಿ. ಬರುವ ಶನಿವಾರವೇ ಈ ಹುಡುಗ ಹುಡುಗಿಯರ ಕೈಗೆ ಶೆಡ್ಡಿನ ಬೀಗದ ಕೈ ಕೊಡಿ. ಈ ಕನ್ನಡ ಪತ್ರವನ್ನು ತಮಗೆ ಇಂಗ್ಲಿಷಿನಲ್ಲಿ ಓದಿ ಹೇಳಲು ಐಶ್ವರ್ಯಾಳೇ ಬರುತ್ತಾಳೆ. ದಯವಿಟ್ಟು ಬಾಗಿಲಲ್ಲಿ ಅವಳ ವಯಸ್ಸು ಕೇಳಬೇಡಿ.

ಇಂತಿ,
ಶೆಡ್ಡಿನೊಳಗೆ ಬರಬಹುದಾದ, ಬೆಂಕಿಗೂಡಿನೊಳಗೆ ತೂರಲಾರದ
ವಿರೂಪಾಕ್ಷಪ್ಪ