ಮೂಸಿ ನೋಡುವವರು

ಮಾರ್ಚ್ 3, ಬೆಳಿಗ್ಗೆ

ಇವತ್ತೂ ಉಗುಳಿತು. ಮೀನಿನ ತುಂಡಿನೊಳಗೆ ಹುದುಗಿಸಿ ಕೊಟ್ಟರೆ ಮೀನು ಹೊಟ್ಟೆಗೆ, ಮಾತ್ರೆ ನೆಲಕ್ಕೆ. ನಮ್ಮ ಬೆಕ್ಕು, ಸಾಹೇಬ. ಹೆಸರಿಟ್ಟಿದ್ದು ಅತ್ತೆ. ಕಾಲಿನ ಗಾಯ ಕೀವಾಗಿದೆ, ದಿನಾ ಅರ್ಧ ಮಾತ್ರೆ ಕೊಡಿ ಅಂತ ಹೇಳಿ ಪಶುವೈದ್ಯರು ಕೈತೊಳೆದುಕೊಂಡರು. ಮೆಡಿಕಲ್ ಶಾಪಿನಲ್ಲಿ ನಿಂತು ದಿನವಿಡೀ ಊರಿಗೆಲ್ಲ ಮಾತ್ರೆ ಕೊಡುತ್ತೇನೆ. ಮನೆಯಲ್ಲಿ ಎರಡೇ ಎರಡು ಗಂಟಲಿಗೆ ಇಳಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಎರಡನೇ ಗಂಟಲು ಅತ್ತೆಯದು. ಬಿ.ಪಿ. ಮಾತ್ರೆ. "ತಲೆ ಭಾರ ಆಗುತ್ತೆ, ಬೇಡ" ಅಂತ ನಿಲ್ಲಿಸಿಬಿಟ್ಟಿದ್ದರು. ಬಚ್ಚಲಲ್ಲಿ ಒಮ್ಮೆ ಕುಸಿದು ಬಿದ್ದರೂ ಹಟ ಬಿಡಲಿಲ್ಲ. ಆದರೆ ಅವರ ಕೆಲಸ ಸುಲಭ. ಪುಡಿ ಮಾಡಿ, ಕಿವುಚಿದ ಬಾಳೆಹಣ್ಣಿಗೆ ಬೆರೆಸಿ, ಮೇಲೆ ಸಕ್ಕರೆ. ಪುಡಿ ಮಾಡಬಹುದಾದ ಮಾತ್ರೆಯೇ, ನೋಡಿಕೊಂಡಿದ್ದೇನೆ. ತಿಂಗಳಿಂದ ಚಪ್ಪರಿಸಿ ತಿನ್ನುತ್ತಿದ್ದಾರೆ. ಅವರ ಮಗನಿಗೂ, ಅಂದರೆ ಇವರಿಗೂ, ಹೇಳಿಲ್ಲ.

ಮಾರ್ಚ್ 5

ಸಾಹೇಬ ಈಗ ನನ್ನ ಕೈಯಿಂದ ಏನನ್ನೂ ತಿನ್ನುವುದಿಲ್ಲ. ಮಾತ್ರೆಯಿಲ್ಲದ ಬರೀ ಮೀನನ್ನೂ. ದೂರ ಕೂತು ತಟ್ಟೆ ನೋಡುತ್ತದೆ, ಆಮೇಲೆ ನನ್ನ ಮುಖ ನೋಡುತ್ತದೆ. ತಟ್ಟೆ ನೋಡಲಿ, ಬೇಡ ಅನ್ನುವುದಿಲ್ಲ. ಮುಖ ಯಾಕೆ?

"ಬೆಕ್ಕಿಗೆ ಅನುಮಾನ ಗಿನುಮಾನ ಇರಲ್ಲ ಕಣೇ" ಅಂದರು ಇವರು, ಫೋನಿನಿಂದ ತಲೆ ಎತ್ತದೆ. "ವಾಸನೆ ಅಷ್ಟೆ. ಅನುಮಾನ ಪಡೋಕೆ ಎದುರಿಗಿರೋರ ಮನಸ್ಸಲ್ಲಿ ಏನಿದೆ ಅಂತ ಯೋಚನೆ ಮಾಡ್ಬೇಕು. ಅದೆಲ್ಲ ಮನುಷ್ಯರ ರೋಗ."

ಇವರಿಗೇನು, ಕೂತಲ್ಲೇ ಶಾಸ್ತ್ರ. ಒಂದು ದಿನ ಅದರ ಬಾಯಿ ಬಿಡಿಸಿ ನೋಡಲಿ.

ಮಾರ್ಚ್ 6, ಸಂಜೆ

ಪರೀಕ್ಷೆ ಮಾಡಿಯೇಬಿಟ್ಟೆ. ಒಂದು ತುಂಡು ಮೀನು, ಮಾತ್ರೆಯಿಲ್ಲ. ನಾನು ಕೊಟ್ಟೆ — ಮೂಸಿ ಹಿಂದೆ ಸರಿಯಿತು. ಅದೇ ತುಂಡನ್ನು ಅತ್ತೆ ಎತ್ತಿ ಕೊಟ್ಟರು. ಗುಳುಂ. ವಾಸನೆಯಂತೆ, ವಾಸನೆ.

"ಅತ್ತೆ, ಇನ್ಮೇಲೆ ಮಾತ್ರೆ ನೀವೇ ಕೊಟ್ಟುಬಿಡಿ. ನಿಮ್ಮ ಕೈಯಿಂದಾದ್ರೆ ತಿನ್ನುತ್ತೆ."

"ಹೌದು, ತಿನ್ನುತ್ತೆ. ಅದಕ್ಕೇ ಕೊಡಲ್ಲ. ಮನೇಲಿ ಒಬ್ಬರನ್ನಾದ್ರೂ ನಂಬ್ಲಿ ಬಿಡು."

ಈ ಮನೆಯಲ್ಲಿ ನೆಟ್ಟಗಿನ ಉತ್ತರ ಸಿಗುವುದೇ ಇಲ್ಲ.

ಮಾರ್ಚ್ 8

ಪುಡಿ ಮಾಡಿ ನೋಡೋಣ ಅಂತ ಸಾಹೇಬನ ಮಾತ್ರೆಯನ್ನು ಚಮಚದ ಬೆನ್ನಿನಿಂದ ಅರೆಯುತ್ತಿದ್ದೆ. ನೀರು ಕುಡಿಯಲು ಬಂದ ಅತ್ತೆ ನಿಂತರು. ಬಿಳಿ ಪುಡಿ ನೋಡಿದರು. ಪಕ್ಕದಲ್ಲಿದ್ದ ಬಾಳೆಹಣ್ಣಿನ ಬಟ್ಟಲು ನೋಡಿದರು. ಆಮೇಲೆ ನನ್ನ ಮುಖ.

"ಬೆಕ್ಕಿಗಾ?"

"ಹೂಂ ಅತ್ತೆ. ಬೆಕ್ಕಿಗೇ."

ಬಾಳೆಹಣ್ಣು ಹಾಗೇ ಉಳಿಯಿತು. ಹಸಿವಿಲ್ಲವಂತೆ.

ಮಾರ್ಚ್ 12

ಬರೆಯುವ ಮನಸ್ಸಿರಲಿಲ್ಲ. ತಲೆ ಕೆಟ್ಟುಹೋಗಿದೆ. ಅತ್ತೆ ಈಗ ಪ್ರತಿ ಊಟದ ಮೊದಲ ತುತ್ತನ್ನು ಸಾಹೇಬನಿಗೆ ಹಾಕಿಸುತ್ತಾರೆ. "ನೀನೇ ಹಾಕು" ಅನ್ನುತ್ತಾರೆ. ನಾನು ಹಾಕಿದ್ದನ್ನು ಅದು ಮುಟ್ಟುತ್ತದೆಯೇ? "ನೋಡು, ಅದೇ ಬೇಡ ಅನ್ನುತ್ತೆ" ಅಂತ ತಟ್ಟೆ ಸರಿಸುತ್ತಾರೆ. ಊಟದಲ್ಲಿ ಏನೂ ಇಲ್ಲ. ದೇವರಾಣೆಗೂ ಇಲ್ಲ. ಬೆಕ್ಕಿನ ಸಾಕ್ಷಿ ನಡೆಯುತ್ತದೆ, ನನ್ನ ಮಾತು ನಡೆಯುವುದಿಲ್ಲ. ಬಿಸ್ಕತ್ತಿನ ಪೊಟ್ಟಣ ತಾವೇ ಒಡೆದು ತಿನ್ನುತ್ತಾರೆ, ಅಷ್ಟೇ.

ಬಿ.ಪಿ. ನೋಡಲು ಕೈ ಕೊಡಲಿಲ್ಲ. ಎದ್ದು ನಿಂತಾಗ ಗೋಡೆ ಹಿಡಿದುಕೊಂಡರು. ಭಯವಾಗುತ್ತದೆ. ಭಯವಾದಷ್ಟೂ ಸಿಟ್ಟು ಬರುತ್ತದೆ. ಅತ್ತ ಸಾಹೇಬನ ಕಾಲೂ ಊದಿದೆ.

"ಅಮ್ಮನಿಗೆ ಏನಾಗಿದೆ?" ಅಂತ ಇವರು ನನ್ನನ್ನೇ ಕೇಳಿದರು. ಹೇಳಿದೆ, ಎಲ್ಲವನ್ನೂ. ಫೋನ್ ಕೆಳಗಿಟ್ಟರು.

"ಅಮ್ಮನಿಗೂ ಹೇಳ್ಬಿಡು."

ಮಾರ್ಚ್ 13

ಹೇಳಿದೆ. ಮಾತ್ರೆಯ ಸ್ಟ್ರಿಪ್ಪನ್ನೇ ಅತ್ತೆಯ ಮಡಿಲಲ್ಲಿಟ್ಟೆ. "ಇದೇ ಅತ್ತೆ, ಬಿ.ಪಿ.ದು. ತಿಂಗಳಿಂದ ಹಣ್ಣಲ್ಲಿ ಹಾಕ್ತಿದ್ದೆ. ನೀವು ಬಚ್ಚಲಲ್ಲಿ ಬಿದ್ದ ಮೇಲೆ ಹೆದರಿಕೆ ಆಯ್ತು."

ಕನ್ನಡಕ ಹಾಕಿಕೊಂಡು ಓದಿದರು.

"ಕೇಳಿದ್ರೆ ಬೇಡ ಅಂತಿದ್ದೆ" ಅಂದರು. "ಆದ್ರೂ ಕೇಳ್ಬೇಕಿತ್ತು."

ನುಂಗಲಿಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡರು.

ಮಾರ್ಚ್ 14, ಸಂಜೆ

ಅಂಗಡಿಯಿಂದ ಬಂದರೆ ಅತ್ತೆ ಅಡುಗೆಮನೆಯಲ್ಲಿ. ಬಟ್ಟಲಿನಲ್ಲಿ ಕಿವುಚಿದ ಬಾಳೆಹಣ್ಣು, ಮೇಲೆ ಸಕ್ಕರೆ. ಒಂದು ಚಮಚ ನನ್ನ ಬಾಯಿಯ ಹತ್ತಿರ ಹಿಡಿದರು.

"ತಿನ್ನು. ಸುಸ್ತಾಗಿ ಬಂದಿದ್ದೀಯ."

ಮೂಸಿದೆ.

ಬೇಕಂತಲ್ಲ. ಮೂಗು ತಾನಾಗಿಯೇ ಹೋಯಿತು. ಚಮಚ ನೋಡಿದೆ, ಆಮೇಲೆ ಅತ್ತೆಯ ಮುಖ ನೋಡಿದೆ.

ಅತ್ತೆ ನಕ್ಕರು. ಸ್ಟೂಲ್ ಎಳೆದು ಕೂತು ನಕ್ಕರು. "ಕರಿ ನಿನ್ನ ಗಂಡನ್ನ. ವಾಸನೆನೋ ಅನುಮಾನನೋ, ಈಗ ಹೇಳ್ಲಿ."

ಮುಖ ಎಲ್ಲಿ ಇಟ್ಟುಕೊಳ್ಳಲಿ? ತಿಂದೆ. ಬರೀ ಬಾಳೆಹಣ್ಣು. ಸಕ್ಕರೆ ಜಾಸ್ತಿ. ನಾಚಿಕೆಯಾಯಿತು, ಅಳುವೂ ಬಂತು.

ಆಮೇಲೆ ಸ್ಟ್ರಿಪ್ ನನ್ನ ಕೈಗೆ ಕೊಟ್ಟು ಅಂಗೈ ಚಾಚಿದರು. "ಹಾಕು. ಕಾಣೋ ಹಾಗೆ ಹಾಕು. ತಲೆ ಭಾರ ಆದ್ರೆ ಡಾಕ್ಟರ್ ಹತ್ರ ನೀನೇ ಕರ್ಕೊಂಡು ಹೋಗ್ಬೇಕು."

ಹಾಕಿದೆ. ನುಂಗಿದರು.

ಉಳಿದಿರುವುದು ಸಾಹೇಬ. ತಟ್ಟೆಯ ಒಂದು ಕಡೆ ಮೀನು, ಇನ್ನೊಂದು ಕಡೆ ಅರ್ಧ ಮಾತ್ರೆ, ಮುಚ್ಚುಮರೆಯಿಲ್ಲದೆ ಇಟ್ಟು, ನಾನು ಇಲ್ಲಿ ಬರೆಯುತ್ತ ಕೂತಿದ್ದೇನೆ. ಬಾಗಿಲಲ್ಲೇ ಇದೆ. ತಟ್ಟೆ ನೋಡಿತು. ನನ್ನ ಮುಖ ನೋಡಿತು. ಅತ್ತೆ ಉಸಿರು ಬಿಗಿಹಿಡಿದಿದ್ದಾರೆ. ಎದ್ದಿತು... ಬರುತ್ತಿದೆ. ತಟ್ಟೆಯನ್ನು ದಾಟಿ ನನ್ನ ಹತ್ತಿರ ಬಂತು. ಕೈ ಮೂಸುತ್ತಿದೆ, ಬರೆಯಲು ಬಿಡುತ್ತಿಲ್ಲ, ಈಗ —