ಆಲೂಗಡ್ಡೆಗೆ ಗೊತ್ತಿರುವ ಆಳ

ಮಾನ್ಯ ನೀರಿನ ಎಂಜಿನಿಯರ್ ಸಾಹೇಬರೇ,

ನಿಮ್ಮ ಪೈಪಿನಿಂದಾಗಿ ನನ್ನ ಮದುವೆ ನಿಂತಿದೆ. ನನಗೆ ಅರವತ್ತೆಂಟು, ನಗುವುದಿದ್ದರೆ ಪೂರ್ತಿ ಓದಿ ನಗಿ. ಹೊಳೆಯಾಚೆಯ ವಿಧವೆ ಕುಂಝೆಸ್ ನನ್ನನ್ನು ಒಪ್ಪಿದ್ದಾಳೆ, ನನ್ನ ಮನೆಯ ನಲ್ಲಿಯನ್ನು ಒಪ್ಪಿಲ್ಲ. "ನೋಡಿ ಲುಂಡುಪ್-ಲೆ, ನಿಮ್ಮ ಗೊರಕೆ ಬೇಕಾದ್ರೆ ಸಹಿಸ್ಕೋತೀನಿ. ಜನವರೀಲಿ ಕೊಡಲಿ ಹಿಡ್ಕೊಂಡು ಹೆಪ್ಪುಗಟ್ಟಿದ ಹೊಳೆ ಒಡೆದು ಚಹಾಕ್ಕೆ ನೀರು ತರೋದು ಮಾತ್ರ ಆಗಲ್ಲ. ನಲ್ಲೀಲಿ ನೀರು ಬರಲಿ, ನಾನೂ ಬರ್ತೀನಿ," ಎಂದಳು. ('ಲೆ' ಎಂದರೆ ನಮ್ಮಲ್ಲಿ 'ಅವರೇ', ಮರ್ಯಾದೆಯ ಮಾತು.) ನ್ಯಾಯವೇ ತಾನೇ?

ಕಳೆದ ಎರಡು ಚಳಿಗಾಲವೂ ನಿಮ್ಮ ಪೈಪು ಹೆಪ್ಪುಗಟ್ಟಿ ಸೀಳಿತು. ನೀವು ರಿಬ್ಬನ್ ಕತ್ತರಿಸಿದ್ದು ಜುಲೈಯಲ್ಲಿ. ಜುಲೈಯಲ್ಲಿ ಲಡಾಖಿನ ಕಲ್ಲೂ ನೀರು ಕೊಡುತ್ತದೆ, ಸ್ವಾಮಿ! ಕಾಲೇಜಿನಲ್ಲಿ ನಾನೂ ಓದಿದ್ದೆ: ವಾಟರ್ ಎಕ್ಸ್‌ಪ್ಯಾಂಡ್ಸ್ ಆನ್ ಫ್ರೀಝಿಂಗ್, ದೇರ್‌ಫೋರ್... ದೇರ್‌ಫೋರ್ ಏನೋ ಇತ್ತು, ಮರೆತೆ. ನೀವು ಮರೆತದ್ದು ದೇರ್‌ಫೋರ್‌ಗೂ ಹಿಂದಿನದ್ದು.

ಈ ಸೆಪ್ಟೆಂಬರಿನಲ್ಲಿ ಮತ್ತೆ ಅಗೆಸಿದಿರಿ. ನಿಮ್ಮ ಮೇಸ್ತ್ರಿ ಪಕ್ಕದ ಮಣ್ಣಿನ ರಾಶಿಯ ತುದಿಯಿಂದ ಟೇಪು ಇಳಿಬಿಟ್ಟು "ಆರಡಿ" ಎಂದು ಬರೆದುಕೊಂಡ.

"ಅಪ್ಪಾ, ಗುಂಡಿ ಮೂರಡಿ, ರಾಶಿ ಮೂರಡಿ," ಎಂದೆ.

"ರಾಶಿಯೂ ಇದೇ ಗುಂಡೀದಲ್ವಾ ಮೇಮೆ? ಹೋಗಿ ಬಿಸಿಲು ಕಾಯಿಸ್ಕೊಳ್ಳಿ."

ಮೇಮೆ ಎಂದರೆ ನಮ್ಮಲ್ಲಿ ಅಜ್ಜ. ಮದುವೆ ಗಂಡಿಗೆ ಆಡುವ ಮಾತೇ ಇದು?

ತೀರಿಹೋದ ನನ್ನ ಹೆಂಡತಿ ಯಾಂಗ್ಡೋಲ್ ಕಾಲೇಜಿನ ಬಾಗಿಲು ಕಂಡವಳಲ್ಲ. ಚಳಿಗಾಲಕ್ಕೆ ಆಲೂಗಡ್ಡೆ ಹೂಳುವ ಗುಂಡಿಗೆ ತಾನೇ ಇಳಿದು ನಿಲ್ಲುತ್ತಿದ್ದಳು. ಗದ್ದ ನೆಲಮಟ್ಟಕ್ಕೆ ಬಂದರೆ ಸರಿ; ಭುಜ ಕಂಡರೆ, "ಇನ್ನೂ ಅಗೀರಿ, ಕಾಲೇಜು ಮುಗೀತಾ?" ಎನ್ನುತ್ತಿದ್ದಳು. ನಮ್ಮೂರಲ್ಲಿ ಮನೆಗೊಬ್ಬ ಹೆಂಗಸು ಹೀಗೆ ಅಳತೆಗೋಲು. ಮೂವತ್ತೊಂದು ಚಳಿಗಾಲದಲ್ಲಿ ನಮ್ಮ ಒಂದೇ ಒಂದು ಗೆಡ್ಡೆ ಹೆಪ್ಪುಗಟ್ಟಲಿಲ್ಲ. ಸರ್ಕಾರದ ನೀರಿಗೆ ನಮ್ಮ ಆಲೂಗಡ್ಡೆಯಷ್ಟೂ ಮರ್ಯಾದೆ ಬೇಡವೇ?

ಈ ಅಳತೆಯ ಕಥೆಯನ್ನು ಕುಂಝೆಸಳಿಗೆ ಹೇಳಿ ತಪ್ಪು ಮಾಡಿದೆ. ಮೊದಲ ಹೆಂಡತಿಯ ಮಾತು ತೆಗೆದನೆಂದು ಮುನಿಯಬಹುದು ಎಂದುಕೊಂಡಿದ್ದೆ. ಆಕೆ ಮರುದಿನವೇ ಗುದ್ದಲಿ ಹಿಡಿದು ಬಂದು ನಿಮ್ಮ ಗುಂಡಿಗೆ ಇಳಿದಳು. "ಇಲಾಖೆ ಕಾಯ್ತಾ ಕೂತ್ರೆ ಮುಂದಿನ ಜನ್ಮದಲ್ಲೇ ಮದುವೆ!" ಎಂದು ಅಲ್ಲಿಂದಲೇ ಕೂಗಿದಳು. ಈಗ ಇಡೀ ಊರು ಅಗೆಯುತ್ತಿದೆ, ಹಾಡುತ್ತಿದೆ, ನನ್ನನ್ನು ಛೇಡಿಸುತ್ತಿದೆ.

ನಿಮ್ಮಿಂದ ಬೇಕಾದದ್ದು ಇಷ್ಟೇ: ನೆಲ ಕಲ್ಲಾಗಲು ಮೂರು ವಾರವಿದೆ. ಅಷ್ಟರೊಳಗೆ ಪೈಪನ್ನು ನಾವು ತೋಡಿದ ಆಳಕ್ಕೆ ಇಳಿಸಿ ಜೋಡಿಸುವವರನ್ನು ಕಳಿಸಿ. ಉದ್ಘಾಟನೆಯನ್ನು ಜನವರಿಯಲ್ಲಿ ಇಟ್ಟುಕೊಳ್ಳಿ. ನಲ್ಲಿ ತಿರುಗಿಸಲು ನೀವೇ ಬನ್ನಿ, ಮದುವೆ ಊಟ ಮಾಡಿಕೊಂಡೇ ಹೋಗಿ.

ಇಂತಿ,
ವಧುವಿಗಿಂತ ನಿಧಾನವಾಗಿ ಅಗೆಯುತ್ತಿರುವ ವರ,
ಲುಂಡುಪ್